ಕೆರೆಯ ತಳದ ಕೆಂಪು

ಅವರು ನೀರಿನಲ್ಲಿ ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೂಡಿಗೆರೆಯಲ್ಲಿ ಅವರನ್ನು ಬಲ್ಲ ನಾವೆಲ್ಲ ವರ್ಷಗಟ್ಟಲೆ ಹೆದರಿಕೊಂಡು ಕೂತಿದ್ದು ಅದಕ್ಕೇ. ಹೋದ ತಿಂಗಳು ತಮ್ಮ ಸ್ಟುಡಿಯೋದ ಕುರ್ಚಿಯಲ್ಲಿ ಕೂತು ಯಾರದೋ ಮದುವೆಯ ವಿಡಿಯೋ ಕತ್ತರಿಸಿ ಜೋಡಿಸುತ್ತಿದ್ದವರು ಹಾಗೇ ಮೇಜಿನ ಮೇಲೆ ತಲೆಯಿಟ್ಟರು. ಕಾಫಿ ತಂದ ಹೋಟೆಲಿನವನು ನಿದ್ದೆ ಬಂದಿರಬೇಕೆಂದು ಲೋಟ ಪಕ್ಕದಲ್ಲಿಟ್ಟು ಹೋದನಂತೆ. ನಾನು ಹೋಗಿ ನೋಡುವಾಗ ಪರದೆಯ ಮೇಲೆ ಮದುಮಕ್ಕಳು ಒಬ್ಬರ ತಲೆಗೊಬ್ಬರು ಜೀರಿಗೆ ಬೆಲ್ಲ ಇಡುತ್ತಲೇ ಇದ್ದರು. ಕಾಫಿ ಆರಿ ಕೆನೆಗಟ್ಟಿತ್ತು.

ಅವರ ಸ್ಟುಡಿಯೋಗೂ ನನ್ನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ನನ್ನದು ಮ್ಯಾಚಿಂಗ್ ಸೆಂಟರ್. ರವಿಕೆ ಬಟ್ಟೆ, ಲೈನಿಂಗ್, ಸೀರೆಯ ಫಾಲ್ಸ್, ದಾರದ ಉಂಡೆ, ಚಳಿಗಾಲಕ್ಕೆ ಉಣ್ಣೆ. ನಮ್ಮ ಮಾವನವರ ಕಾಲದಿಂದ ಇದೇ ಬೀದಿಯಲ್ಲಿ ಬಟ್ಟೆ ವ್ಯಾಪಾರ. ಊರಿನವರು ಅವರನ್ನು ಕರೆಯುತ್ತಿದ್ದದ್ದು ‘ಸ್ಟುಡಿಯೋದವರು’ ಎಂದೇ. ನನ್ನ ಫೋನಿನಲ್ಲಿಯೂ ಹಾಗೇ ಇದೆ, ಇನ್ನೂ ಅಳಿಸಿಲ್ಲ. ಹೆಸರು ನಾನೂ ಬರೆಯುವುದಿಲ್ಲ. ಒಮ್ಮೆ ಪತ್ರಿಕೆಯವರು ಅವರ ಬಗ್ಗೆ ಬರೆಯುತ್ತೇವೆಂದು ಬಂದಾಗ ಕಾಫಿ ಕುಡಿಸಿ, ಕೈ ಮುಗಿದು ಕಳಿಸಿದ್ದರು. ಹೆಸರು ಹಾಕಿದರೆ ನೀರಿಗೆ ಬಿದ್ದವರನ್ನು ಹುಡುಕಲು ನಾಲ್ಕು ಊರಿನವರು ಕರೆಯುತ್ತಾರೆ, ಕರೆದರೆ ಹೋಗದಿರಲು ಆಗುವುದಿಲ್ಲ, ಹೋದರೆ ಮೂರು ದಿನ ಅನ್ನ ಸೇರುವುದಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ತೆಳ್ಳಗಿನ ಮನುಷ್ಯ. ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಬೇಸಿಗೆಯಲ್ಲೂ ಮೈಮೇಲೊಂದು ತೋಳಿಲ್ಲದ ಸ್ವೆಟರ್. ಮಾತಿನ ನಡುವೆ ಮೂಗನ್ನು ಎರಡು ಬೆರಳಲ್ಲಿ ಹಿಡಿದು, ಬಾಯಿ ಮುಚ್ಚಿ, ಒಳಗೊಳಗೇ ಉಸಿರು ದೂಡುವ ಅಭ್ಯಾಸವಿತ್ತು. ಮುಳುಗುವವರು ಕಿವಿಯ ಒತ್ತಡ ಬಿಡಿಸಿಕೊಳ್ಳುವುದು ಹಾಗಂತೆ. ಇವರಿಗೆ ಅದು ಎಷ್ಟು ಮೈಗೆ ಹತ್ತಿತ್ತೆಂದರೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರೂ ಮೂಗು ಹಿಡಿಯುತ್ತಿದ್ದರು. ಹೊಸ ಗಿರಾಕಿಗಳು ಇಲ್ಲೇನೋ ವಾಸನೆಯಿದೆ ಅಂದುಕೊಳ್ಳುತ್ತಾರೆ ಎಂದು ನಾನು ಬೈಯುತ್ತಿದ್ದೆ.

ನನಗೆ ನೀರೆಂದರೆ ಮೊದಲಿನಿಂದ ಭಯ. ಹೇಮಾವತಿಯ ಸೇತುವೆ ದಾಟುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರುವವಳು ನಾನು. ಹಾಗಿರುವಾಗ ಪಕ್ಕದ ಅಂಗಡಿಯ ಈ ಪುಣ್ಯಾತ್ಮ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕೆರೆಗೆ ಇಳಿಯುತ್ತಾರೆ ಎಂದರೆ ನನಗೆ ಹೇಗಾಗಬೇಡ? ಅವರು ಜೀಪಿಗೆ ಆ ಸಾಮಾನು ತುಂಬುವುದು ಕಂಡರೆ ಸಾಕು, ಸಂಜೆ ಅವರ ಸ್ಟುಡಿಯೋದ ಷಟರ್ ಮೇಲೇಳುವ ಸದ್ದು ಕೇಳುವವರೆಗೆ ನಾನು ಅಳೆಯುವ ಬಟ್ಟೆಯೆಲ್ಲ ಒಂದು ಗೇಣು ಹೆಚ್ಚುಕಡಿಮೆ ಆಗುತ್ತಿತ್ತು.

ಈ ಹುಚ್ಚು ಹಿಡಿದದ್ದು ಮುರುಡೇಶ್ವರದಲ್ಲಿ. ಗೆಳೆಯರ ಜೊತೆ ಪ್ರವಾಸ ಹೋದವರು ಅಲ್ಲಿ ಕಲಿಸುವವರ ಕೈಹಿಡಿದು ಸಮುದ್ರಕ್ಕೆ ಇಳಿದರು. ಜೊತೆಗೊಂದು ಬಾಡಿಗೆ ಕ್ಯಾಮೆರಾ. ಕೆಳಗೆ ಮೀನುಗಳನ್ನು ಕಂಡು ಇವರಿಗೆ ಕಣ್ಣು ತುಂಬಿ ಬಂತಂತೆ. ಊರಿಗೆ ಬಂದು ವಿಡಿಯೋ ಹಾಕಿದರೆ ಮೀನು, ಕಲ್ಲು, ಕೈಹಿಡಿದ ಗುರು, ಎಲ್ಲರೂ ನೀಲಿ. ಮೂವತ್ತು ವರ್ಷ ವಿಡಿಯೋದಲ್ಲಿ ಮದುವೆಯ ಸೀರೆಗಳ ಬಣ್ಣ ತೋರಿಸಿ ಹೆಸರು ಮಾಡಿದ ತಮಗೆ ಒಂದು ಮೀನಿನ ಬಣ್ಣ ತರಲಾಗಲಿಲ್ಲವಲ್ಲ ಎಂಬುದೇ ಅವರಿಗೆ ಅವಮಾನವಾಯಿತು.

ಅಲ್ಲಿಂದ ಶುರು. ಮತ್ತೆ ಮತ್ತೆ ಕರಾವಳಿಗೆ ಹೋಗಿ ಮುಳುಗುವುದನ್ನು ಸರಿಯಾಗಿ ಕಲಿತರು. ಕ್ಯಾಮೆರಾಕ್ಕೆ ನೀರು ನುಗ್ಗದ ಗಟ್ಟಿ ಡಬ್ಬಿ ಬಂತು, ಅದರ ಬಾಯಿಗೊಂದು ರಬ್ಬರ್ ಬಳೆ. ಆ ಬಳೆಯ ಮೇಲೆ ಒಂದು ಕೂದಲು ಬಿದ್ದಿದ್ದರೂ ನೀರು ಒಳಗೆ ಬರುತ್ತದಂತೆ. ಮೊದಲ ಕ್ಯಾಮೆರಾ ಹಾಳಾದದ್ದು ಹಾಗೆಯೇ. ಬಳೆ ಒರೆಸಲು ನನ್ನ ಅಂಗಡಿಯ ಲೈನಿಂಗ್ ಚೂರು ಒಯ್ದಿದ್ದರು, ಅದರ ಒಂದು ಎಳೆ ಅಲ್ಲೇ ಉಳಿದುಬಿಟ್ಟಿತು. ನಿಮ್ಮ ಬಟ್ಟೆ ನನ್ನ ಕ್ಯಾಮೆರಾ ನುಂಗಿತು ಎಂದು ವರ್ಷವಿಡೀ ಆಡಿಕೊಂಡರು. ನಾನೇನು ಕಮ್ಮಿ, ಕ್ಯಾಮೆರಾ ಒರೆಸುವವರು ಬಿಡಿನೂಲು ಬಿಡದ ಬಟ್ಟೆ ಕೇಳಬೇಕಿತ್ತು ಎಂದೆ.

ಬಣ್ಣ ಬರಲಿ ಎಂದು ಮಸೂರಕ್ಕೆ ಕೆಂಪು ಗಾಜು ತರಿಸಿದರು. ಆಳಕ್ಕೆ ಹೋದಂತೆ ನೀರು ಮೊದಲು ತಿನ್ನುವುದು ಕೆಂಪನ್ನು, ಆ ಗಾಜು ಅದನ್ನು ಹಿಂದಕ್ಕೆ ತರುತ್ತದೆ ಎಂದು ವಿವರಿಸಿದರು. ಸಮುದ್ರದಲ್ಲಿ ಅದು ನಡೆಯಿತು. ಇಲ್ಲಿಯೂ ನಡೆಯುತ್ತದೆ ಎಂದುಕೊಂಡು ನಮ್ಮ ತೋಟದ ಕೆರೆಯಲ್ಲಿ ಇಳಿದು ನೋಡಿದರೆ ಇಡೀ ಕೆರೆ ಬೀಟ್ರೂಟ್ ಪಲ್ಯ ಕಲಸಿದಂತೆ ಕಂಡಿತು. ಸಮುದ್ರದ ನೀರು ನೀಲಿ, ನಮ್ಮ ಕೆರೆಗಳ ನೀರು ಪಾಚಿಹಸಿರು. ಹಸಿರಿಗೆ ಬೇರೆಯೇ ಗಾಜು ಬೇಕು, ನೇರಳೆಗೆಂಪಿನದು. ಸೀರೆಯ ಮೇಲೆ ರವಿಕೆ ಬಟ್ಟೆ ಇಟ್ಟು ನೋಡದೆ ಬಣ್ಣ ಹೇಳಬಾರದು ಎಂದು ಎಷ್ಟು ಸಲ ಹೇಳಿದ್ದೇನೆ ಎಂದು ನಾನು ರೇಗಿಸಿದೆ. ಅವರು ನಗದೆ, ಹೌದಲ್ಲ, ನೀರನ್ನೇ ಸೀರೆ ಅಂದುಕೊಳ್ಳಬೇಕು ಎಂದು ತಲೆ ಕೆರೆದುಕೊಳ್ಳುತ್ತಾ ಹೋದರು.

ಅಲ್ಲಿಯವರೆಗೆ ಅದು ಅವರ ಶೋಕಿ. ಶೋಕಿಯಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಬಾಳೂರಿನ ಕಡೆ ಒಂದು ಎಸ್ಟೇಟಿನ ಕೆರೆಯಲ್ಲಿ ಬಟ್ಟೆ ಒಗೆಯಲು ಹೋದ ಹೆಂಗಸೊಬ್ಬಳು ವಾಪಸು ಬರಲಿಲ್ಲ. ಬಕೆಟ್ಟು, ಸೋಪು ದಡದ ಕಲ್ಲಿನ ಮೇಲೇ ಇದ್ದವು. ಇವರ ಹತ್ತಿರ ನೀರಿನೊಳಗೆ ನೋಡುವ ಕ್ಯಾಮೆರಾ ಇದೆ ಎಂದು ಯಾರೋ ಹೇಳಿ ಕರೆದುಕೊಂಡು ಹೋದರು. ಉದ್ದ ಕೇಬಲ್ ಎಳೆದು ದಡದಲ್ಲೊಂದು ಸಣ್ಣ ಪರದೆ ಇಟ್ಟು, ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ಕೆಳಗಿಳಿಸಿದರು. ಒಂದು ಮೂಲೆಯಲ್ಲಿ ಬಟ್ಟೆಯಂಥದ್ದು ಕಂಡಿತು, ಕೆಸರಿನ ಬಣ್ಣದ್ದು. ಮನೆಯವರು ಅಲ್ಲ ಎಂದರು, ಅವಳು ಉಟ್ಟದ್ದು ಕುಂಕುಮದ ಬಣ್ಣದ ಸೀರೆ. ಇವರೂ ಪರದೆ ನೋಡಿ, ಇದು ಹಳೇ ಗೋಣಿಚೀಲ ಇರಬೇಕು ಎಂದರು. ಎಲ್ಲರೂ ಆ ಕಡೆಯ ಹಳ್ಳ, ಈ ಕಡೆಯ ಕಾಡು ಎಂದು ಹುಡುಕಿದರು. ಕೊನೆಗೆ ಅವಳು ತೇಲಿದ್ದು ಅದೇ ಮೂಲೆಯಲ್ಲಿ. ಸೀರೆ ಕುಂಕುಮದ ಬಣ್ಣದ್ದೇ.

ಮಾರನೆಯ ದಿನ ಅವರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂತರು. ಮೂಗು ಹಿಡಿಯಲಿಲ್ಲ.

“ಕ್ಯಾಮೆರಾ ಸುಳ್ಳು ಹೇಳ್ತು ಅಕ್ಕಾ. ನಾನೂ ಅದ್ರ ಜೊತೆ ಸೇರ್ಕೊಂಡೆ.”

ಕತ್ತಲೆಯ ನೀರಲ್ಲಿ ಯಾರು ನೋಡಿದರೂ ಹಾಗೇ ಹೇಳುತ್ತಿದ್ದರು ಎಂದು ಸಮಾಧಾನ ಮಾಡಲು ನೋಡಿದೆ. ಅದು ಅವರ ಕಿವಿಗೇ ಹೋಗಲಿಲ್ಲ. ನೀರು ಕೆಂಪನ್ನು ತಿನ್ನುತ್ತದೆ ಎಂದು ನನಗೆ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವನೇ ಗೋಣಿಚೀಲ ಅಂದೆ ಎಂದು ಅದನ್ನೇ ಹೇಳಿದರು. ಆಮೇಲೆ ಎದ್ದು, ಒಂದೊಂದು ಬಣ್ಣದ ರವಿಕೆ ಬಟ್ಟೆ ಒಂದೊಂದು ಚೂರು ಕೊಡಿ ಎಂದರು.

ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ಬಿಳಿ. ಒಂದು ಉದ್ದ ಪಟ್ಟಿಯ ಮೇಲೆ ನಾನೇ ಹೊಲಿದುಕೊಟ್ಟೆ. ಬಿಳಿ ಯಾಕೆ ಎಂದರೆ, ಕ್ಯಾಮೆರಾಕ್ಕೆ ಕೆಳಗೆ ಹೋದ ಮೇಲೆ ಮೊದಲು ಬಿಳಿಯನ್ನು ತೋರಿಸಿ, ಇದು ಬಿಳಿ ಎಂದು ಹೇಳಿಕೊಡಬೇಕಂತೆ. ಆಗ ಉಳಿದ ಬಣ್ಣಗಳನ್ನು ಅದು ಸರಿಯಾಗಿ ಹಿಡಿಯುತ್ತದೆ. ಅವರು ಮೊದಲು ಒಯ್ದದ್ದು ಹಾಫ್ ವೈಟ್. ಗಂಡಸರಿಗೆ ಎಲ್ಲವೂ ಬಿಳಿಯೇ ತಾನೆ! ನಾನು ಬಾಗಿಲ ಬೆಳಕಿಗೆ ಹಿಡಿದು ಹಾಲುಬಿಳಿ ಯಾವುದು, ಹಾಫ್ ವೈಟ್ ಯಾವುದು, ಕೆನೆಬಣ್ಣ ಯಾವುದು ಎಂದು ತೋರಿಸಿದ ಮೇಲೆ ಪಟ್ಟಿ ಬಿಚ್ಚಿ ಹೊಲಿಸಿದರು.

ಪರೀಕ್ಷೆಗೆ ನಮ್ಮ ಕೆರೆಯೇ. ನಮ್ಮದು ಬಾಳೂರಿನ ದಾರಿಯಲ್ಲಿ ಸಣ್ಣ ಕಾಫಿ ತೋಟ, ಅದನ್ನು ನೋಡಿಕೊಳ್ಳುವುದು ನಮ್ಮ ಮನೆಯವರು. ಭಾನುವಾರ ನಾನೂ ಹೋಗಿ, ಕೆರೆಯಿಂದ ದೂರ, ಪಂಪಿನ ಶೆಡ್ಡಿನ ಹತ್ತಿರ ಪರದೆಯ ಮುಂದೆ ಕೂತೆ. ಪಟ್ಟಿ ಕೆಳಗಿಳಿದಂತೆ ನನ್ನ ಕಣ್ಣೆದುರೇ ಕೆಂಪು ಕಂದಾಯಿತು, ಆಮೇಲೆ ಕಪ್ಪಾಯಿತು. ಕಿತ್ತಳೆ ಅದರ ಹಿಂದೆಯೇ ಹೋಯಿತು. ನಾನು ಮಾರಿದ ಬಟ್ಟೆ, ನಾನೇ ಹೊಲಿದ ಪಟ್ಟಿ, ನನಗೇ ಗುರುತು ಹತ್ತಲಿಲ್ಲ. ಆ ಹೆಂಗಸಿನ ಮನೆಯವರು ಅಲ್ಲ ಎಂದದ್ದರಲ್ಲಿ ಏನು ತಪ್ಪು ಎಂದು ಅವತ್ತು ಅನ್ನಿಸಿತು.

ಇಷ್ಟು ಮಬ್ಬಿನಲ್ಲಿ ಗಾಜು ಸಾಲದು, ಬೆಳಕನ್ನೇ ಕೆಳಗೆ ಒಯ್ಯಬೇಕು ಎಂದು ದೀಪ ತರಿಸಿದರು. ಅದನ್ನು ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸಿ ಇಳಿದರೆ ನೀರಲ್ಲಿದ್ದ ದೂಳೆಲ್ಲ ಹೊಳೆದು ಪರದೆ ಬೆಳ್ಳಗಾಯಿತು. ಎರಡು ವಾರ ಮಂಕಾಗಿ ಓಡಾಡಿದರು. ಪರಿಹಾರ ಸಿಕ್ಕಿದ್ದು ಚಾರ್ಮಾಡಿಯಲ್ಲಿ, ಮದುವೆಯ ಕೆಲಸ ಮುಗಿಸಿ ಮಂಜಿನಲ್ಲಿ ಜೀಪು ಓಡಿಸಿಕೊಂಡು ಬರುವಾಗ. ಮಂಜಿನಲ್ಲಿ ದೊಡ್ಡ ಲೈಟು ಹಾಕಿದರೆ ಬೆಳಕು ಮುಖಕ್ಕೇ ಹೊಡೆಯುತ್ತದೆ, ಅದಕ್ಕೇ ಅಲ್ಲವೇ ನಮ್ಮ ಕಡೆ ಜೀಪುಗಳಿಗೆ ಬಂಪರಿನ ಕೆಳಗೆ ಎರಡು ಪಕ್ಕಕ್ಕೆ ಬೇರೆ ದೀಪ ಕಟ್ಟಿಸುವುದು? ಇವರು ಊರಿಗೆ ಬಂದವರೇ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಎರಡು ಉದ್ದ ತೋಳು ಮಾಡಿಸಿ, ದೀಪಗಳನ್ನು ಕ್ಯಾಮೆರಾದಿಂದ ದೂರ, ಆಚೆಗೊಂದು ಈಚೆಗೊಂದು ಕಟ್ಟಿದರು. ದೀಪ ಇದ್ದಾಗ ಬಣ್ಣದ ಗಾಜು ತೆಗೆದುಬಿಡಬೇಕು ಎಂದೂ ಕಂಡುಕೊಂಡರು. ಆ ಭಾನುವಾರ ಪರದೆಯ ಮೇಲೆ ಕೆರೆಯ ತಳದಿಂದ ಕೆಂಪು ಬಂತು. ನನ್ನ ಅಂಗಡಿಯ ಕೆಂಪು. ನಾನು ಖುಷಿಗೆ ಚಪ್ಪಾಳೆ ಹೊಡೆದೆ.

ಅವರಿಗೆ ಮುಳುಗುವುದರಲ್ಲಿ ಒಂದು ಕಟ್ಟುನಿಟ್ಟಿತ್ತು. ಸೊಂಟಕ್ಕೆ ಹಗ್ಗ, ಹಗ್ಗದ ತುದಿ ದಡದಲ್ಲಿ ಒಬ್ಬರ ಕೈಯಲ್ಲಿ. ಕೆಳಗಿನಿಂದ ಒಂದು ಸಲ ಎಳೆದರೆ ನಾನು ಇದ್ದೇನೆ ಎಂದು, ಮೇಲಿನವರು ಒಂದು ಸಲ ಎಳೆದರೆ ನಾನೂ ಇದ್ದೇನೆ ಎಂದು. ಮೇಲೆ ಮೇಲೆ ಎಳೆದರೆ ಹೊರಗೆ ಬಾ. ಹಗ್ಗ ಹಿಡಿದವರು ಮಾತಾಡಬಾರದು, ಫೋನ್ ಎತ್ತಬಾರದು, ಹುಲಿ ಬಂದರೂ ತಿರುಗಬಾರದು. ಹಗ್ಗ ಹಿಡಿದವನ ಬಾಯಿ ಓಡಿದರೆ ಅವನ ಕೈ ಮಲಗುತ್ತದೆ ಎಂದು ಹೇಳುತ್ತಿದ್ದರು. ನನಗೆ ಹಿಡಿಯಿರಿ ಎಂದು ಎಷ್ಟೋ ಸಲ ಕೊಡಲು ಬಂದರು. ನಾನು ಮುಟ್ಟಲೇ ಇಲ್ಲ. ಮಾತಾಡದೆ ಇರಲು ನನ್ನಿಂದ ಆಗುವುದಿಲ್ಲ ಎಂದು ನಗೆಯಾಡಿ ತಪ್ಪಿಸಿಕೊಂಡೆ, ನಿಜ ಹೇಳಬೇಕೆಂದರೆ ಹೆದರಿಕೆ.

ಆಮೇಲೆ ಅವರ ಎಡಗಿವಿಯ ತಮಟೆ ಹರಿಯಿತು. ಚಿಕ್ಕಮಗಳೂರಿನ ಡಾಕ್ಟರು ಇನ್ನು ನೀರಿಗೆ ಇಳಿಯಲೇಕೂಡದು ಎಂದರು. ಸಿಲಿಂಡರ್ ಮೂಲೆ ಸೇರಿತು. ನನಗೆ ನೆಮ್ಮದಿಯಾಯಿತು, ಅವರ ಮುಖ ನೋಡಿ ಆ ನೆಮ್ಮದಿಯನ್ನು ಒಳಗೇ ಇಟ್ಟುಕೊಂಡೆ.

ಇನ್ನು ನಮ್ಮ ಮನೆಯವರ ಸಂಗತಿ ಹೇಳಬೇಕು. ಅವರಿಗೆ ಫಿಟ್ಸ್ ಬರುತ್ತದೆ. ಮಾತ್ರೆಯಿದೆ, ಆದರೂ ವರ್ಷಕ್ಕೆ ಒಂದೆರಡು ಸಲ ಎಲ್ಲೆಂದರಲ್ಲಿ ಬಿದ್ದುಬಿಡುತ್ತಾರೆ. ತೋಟಕ್ಕೆ ಹೋಗಬೇಡಿ ಎಂದರೆ ಕೇಳುವ ಪೈಕಿಯಲ್ಲ. ಅದಕ್ಕೇ ನಾನು ಅವರಿಗೆ ಕಡುಗೆಂಪು ಉಣ್ಣೆಯ ಸ್ವೆಟರ್ ಹೆಣೆದುಕೊಟ್ಟಿದ್ದೆ. ಹಸಿರು ಕಾಫಿಗಿಡಗಳ ನಡುವೆ ಬಿದ್ದರೂ ದೂರದಿಂದ ಕಾಣಲಿ ಎಂದು. ಬಿಸಿಲೇರುವವರೆಗೂ ಅದು ಮೈಮೇಲೆ ಇರಬೇಕು ಎಂಬುದು ನನ್ನ ಕರಾರು, ಅದನ್ನು ಮಾತ್ರ ಪಾಲಿಸುತ್ತಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ. ಕಾಫಿ ಹೂವಿಗೆ ನೀರು ಹಾಯಿಸುವ ದಿನಗಳು. ಅಂಗಡಿಯಲ್ಲಿ ಗಿರಾಕಿಗೆ ಗಿಳಿಹಸಿರು ಹರಡಿ ತೋರಿಸುತ್ತಿದ್ದೆ, ತೋಟದಿಂದ ಸುಶೀಲ ಫೋನ್ ಮಾಡಿದಳು. ಅವಳು ನಮ್ಮಲ್ಲಿ ಕೆಲಸಕ್ಕೆ ಬರುವವಳು, ಸುಮ್ಮಸುಮ್ಮನೆ ಫೋನ್ ಮಾಡುವವಳಲ್ಲ.

“ಅಮ್ಮಾ, ಯಜಮಾನ್ರು ಎಲ್ಲೂ ಕಾಣ್ತಿಲ್ಲ. ಚಪ್ಲಿ ಕೆರೆ ಅಂಚಲ್ಲಿದೆ.”

ಅವರ ನಂಬರಿಗೆ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ. ನನ್ನ ಬಾಯಿಯಿಂದ ಏನು ಸದ್ದು ಬಂತೋ ಗೊತ್ತಿಲ್ಲ, ಗೋಡೆಯಾಚೆಯಿಂದ ಸ್ಟುಡಿಯೋದವರು ಓಡಿಬಂದರು. ಏನು, ಎತ್ತ ಎಂದು ಕೇಳಲಿಲ್ಲ. ಚಪ್ಪಲಿ ಎಂದೆ, ಕೆರೆ ಎಂದೆ. ಅವರು ಎರಡೂ ಅಂಗಡಿಯ ಷಟರ್ ಎಳೆದು ಜೀಪಿಗೆ ಸಿಲಿಂಡರ್ ಎತ್ತಿ ಹಾಕಿದರು. ದಾರಿಯಲ್ಲಿ ಅಗ್ನಿಶಾಮಕದವರಿಗೆ ಫೋನ್ ಮಾಡಿದರೆ, ಗುಡ್ಡಕ್ಕೆ ಬೆಂಕಿ ಬಿದ್ದು ಗಾಡಿ ಆ ಕಡೆ ಹೋಗಿದೆ, ಮುಗಿಸಿ ಬರುತ್ತೇವೆ ಎಂದರು. ನಿಮ್ಮ ಕಿವಿ ಎಂದು ನಾನು ಹೇಳಬೇಕಿತ್ತು. ಆ ಕ್ಷಣಕ್ಕೆ ಅವರ ಕಿವಿ ನನಗೆ ನೆನಪೇ ಆಗಲಿಲ್ಲ, ನನ್ನ ಕಣ್ಣ ಮುಂದೆ ಇದ್ದದ್ದು ಬರೀ ಆ ಕೆರೆ.

ಕೆರೆಯ ಹತ್ತಿರ ಸುಶೀಲ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ನಾಲ್ಕು ಆಳುಗಳು ಇದ್ದರು. ತೋಟವೆಲ್ಲ ಕೂಗಿ ಹುಡುಕಿಯಾಗಿತ್ತು. ಚಪ್ಪಲಿ ಎರಡೂ ಜೊತೆಯಾಗಿ, ನೀರಿನ ಕಡೆಗೆ ಮುಖ ಮಾಡಿ ಇದ್ದವು. ಅಲ್ಲಿಂದ ಕೆಸರಿನಲ್ಲಿ ಹೆಜ್ಜೆಗಳು ನೀರಿನೊಳಕ್ಕೆ ಹೋಗಿದ್ದವು.

ಸ್ಟುಡಿಯೋದವರು ಹಗ್ಗವನ್ನು ರೈಟರ ಕೈಗೆ ಕೊಟ್ಟರು. ಪರದೆಯನ್ನು ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಬಿಸಿಲಿಗೆ ಕಂಬಳಿ ಮುಚ್ಚಿದರು. ನನ್ನ ಕಡೆ ತಿರುಗಿ ನೀವು ನೋಡಬೇಡಿ ಎಂದರು. ಸ್ವೆಟರಿನ ಬಣ್ಣ ನನಗೆ ಬಿಟ್ಟು ಇನ್ನು ಯಾರಿಗೆ ಗೊತ್ತಾಗಬೇಕು ಎಂದೆ. ಅವರು ಮೂಗು ಹಿಡಿದು ಉಸಿರು ದೂಡಿ, ಮುಖ ಕಿವುಚಿ, ನೀರಿಗೆ ಇಳಿದರು.

ಕಂಬಳಿಯೊಳಗೆ ತಲೆ ಹಾಕಿ ಕೂತೆ. ಮೊದಲು ಹಸಿರು. ಆಮೇಲೆ ಮಬ್ಬು ಹಸಿರು, ಎಲೆ, ಕಡ್ಡಿ, ಪಂಪಿನ ಪೈಪು. ಪೈಪಿನ ಬುಡದಲ್ಲಿ ಏನೋ ಒಂದು ಗುಪ್ಪೆಯಾಗಿ ಬಿದ್ದಿತ್ತು. ಬಟ್ಟೆಯಂಥದ್ದು. ಬಣ್ಣವಿರಲಿಲ್ಲ, ಕೆಸರಿನಂತೆ ಇತ್ತು. ಅವರು ಇನ್ನೂ ದೀಪ ಹಾಕಿರಲಿಲ್ಲ. ಆಗ ನಾನು ಬೇಡಿಕೊಂಡದ್ದು ಇದು: ಶಿವನೇ, ಕೆಂಪು ಬರದೇ ಇರಲಿ. ಅವತ್ತು ಬಂದಾಗ ಚಪ್ಪಾಳೆ ಹೊಡೆದವಳು ನಾನೇ. ಈಗ ದೀಪ ಕೆಟ್ಟುಹೋಗಲಿ, ಬ್ಯಾಟರಿ ಸಾಯಲಿ, ಗೋಣಿಚೀಲವೇ ಆಗಿರಲಿ ಎಂದು ಬೇಡಿಕೊಂಡೆ. ದೀಪ ಹತ್ತಿತು. ಕೆಂಪು ಬಂತು. ಕಡುಗೆಂಪು, ಅಂಚಿನಲ್ಲಿ ನಾನು ಹೆಣೆದ ಪಟ್ಟಿ.

ನಮ್ಮದೇ ಎಂದೆ. ಅದು ಹೊರಗೆ ಯಾರಿಗೂ ಕೇಳಿಸಿರಲಿಕ್ಕಿಲ್ಲ. ಪರದೆಯಲ್ಲಿ ಅವರ ಕೈ ಮುಂದೆ ಬಂತು, ಕೆಸರು ಎದ್ದಿತು, ಮತ್ತೆ ಏನೂ ಕಾಣಲಿಲ್ಲ. ಕಂಬಳಿ ಸರಿಸಿ ನೋಡಿದೆ. ರೈಟರು ಹಗ್ಗ ಹಿಡಿದು ನಿಂತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒಂದು ಮಾತಾಡಲಿಲ್ಲ. ಆಮೇಲೆ ನೀರು ಬಿರಿದು ಅವರ ತಲೆ ಎದ್ದಿತು. ಎಡಗಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಕೈಯಲ್ಲಿ ಸ್ವೆಟರ್ ಇತ್ತು, ಬರೀ ಸ್ವೆಟರ್.

“ಬಣ್ಣ ಸರಿ ಇತ್ತು ಅಕ್ಕಾ. ಒಳಗೆ ಮನುಷ್ಯ ಇಲ್ಲ.”

ಪೈಪಿನ ತುದಿಯಲ್ಲಿ, ನೀರೊಳಗೆ ಫುಟ್‌ವಾಲ್ವ್ ಅಂತ ಇರುತ್ತದೆ, ಪಂಪು ನೀರು ಎಳೆಯುವುದು ಅದರ ಮೂಲಕ. ಅದರ ಜಾಲರಿ ಹರಿದರೆ ಎಲೆ ಸಿಕ್ಕಿಕೊಳ್ಳುತ್ತದೆಂದು ನಮ್ಮ ಕಡೆ ಹಳೇ ಸೊಳ್ಳೆಪರದೆಯೋ ನೈಲೆಕ್ಸ್ ಸೀರೆಯ ತುಂಡೋ ಸುತ್ತಿ ಕಟ್ಟುತ್ತಾರೆ. ಸ್ವೆಟರ್ ಅದಕ್ಕೆ ಸುತ್ತಿತ್ತು, ತೋಳೆರಡನ್ನೂ ಸೇರಿಸಿ ಬಿಗಿದ ಗಂಟು. ಒದ್ದೆ ಸ್ವೆಟರನ್ನು ತೊಡೆಯ ಮೇಲೆ ಹಾಕಿಕೊಂಡು ಹಿಂಡಿದರೆ ಜೇಬಿನಿಂದ ಫೋನ್ ಬಿತ್ತು.

ಉಳಿದವರಿಗೆ ಜೀವ ಬಂತು. ಸ್ಟುಡಿಯೋದವರಿಗೆ ಬರಲಿಲ್ಲ. ಸ್ವೆಟರ್ ಇಲ್ಲದೆಯೂ ಮನುಷ್ಯ ಬಿದ್ದಿರಬಹುದಲ್ಲ ಎಂದು ಮೆಲ್ಲಗೆ ರೈಟರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕಿವಿಯ ರಕ್ತವನ್ನು ಅಂಗೈಯಲ್ಲಿ ಒರೆಸಿ ಮತ್ತೆ ಇಳಿದರು. ಈ ಸಲ ನಾನು ಪರದೆ ನೋಡಲಿಲ್ಲ. ಅವರು ತಳವನ್ನೆಲ್ಲ ಅಂಗುಲ ಅಂಗುಲ ತಡಕುತ್ತಿದ್ದರು, ಮೇಲೆ ಗುಳ್ಳೆಗಳು ದಡದುದ್ದಕ್ಕೂ ನಿಧಾನವಾಗಿ ಸಾಗುತ್ತಿದ್ದವು. ನಾನು ಗುಳ್ಳೆಗಳನ್ನು ನೋಡುತ್ತಾ ಕೂತೆ. ಒಬ್ಬರನ್ನು ಹುಡುಕಲು ಹೋಗಿ ಇನ್ನೊಬ್ಬರನ್ನೂ ಈ ಕೆರೆಗೆ ಕೊಡುತ್ತೇನೆಯೇ ಎಂಬ ಭಯ ಆಗ ಬಂತು, ಅವರ ಕಿವಿ ನೆನಪಾದದ್ದೂ ಆಗಲೇ.

ಆಗ ರಸ್ತೆಯ ಕಡೆಯಿಂದ ನಮ್ಮ ಮನೆಯವರು ಬಂದರು. ಕಾಲಲ್ಲಿ ಶೆಡ್ಡಿನ ಗಂಬೂಟು, ಕೈಯಲ್ಲಿ ಹೊಸ ಜಾಲರಿ. ಬೆಳಿಗ್ಗೆ ಹಳೇ ಜಾಲರಿ ಹರಿದಿತ್ತು, ಕೈಗೆ ಬೇರೆ ಬಟ್ಟೆ ಸಿಗಲಿಲ್ಲ, ಸ್ವೆಟರ್ ಬಿಚ್ಚಿ ಕಟ್ಟಿದ್ದರು. ಪಂಪು ನೀರು ಎಳೆಯಲಿಲ್ಲ. ಶೆಡ್ಡಿನ ಕಡೆಯ ದಡ ಹತ್ತಿದ್ದವರು ಕೆಸರುಗಾಲಿಗೆ ಅಲ್ಲಿದ್ದ ಗಂಬೂಟು ಸಿಕ್ಕಿಸಿಕೊಂಡು ಸಿಕ್ಕಿದ ಪಿಕಪ್ ಹತ್ತಿ ಮೂಡಿಗೆರೆಗೆ ಹೋದರು. ಅಲ್ಲಿ ನನ್ನ ಅಂಗಡಿಯ ಷಟರ್ ಎಳೆದಿದ್ದು ನೋಡಿ, ಇವಳೆಲ್ಲಿ ಹೋದಳು ಎಂದು ಗಾಬರಿಯಾಗಿ ನನ್ನನ್ನು ಹುಡುಕಿದರಂತೆ! ಇದೆಲ್ಲ ತಿಳಿದದ್ದು ಆಮೇಲೆ. ಆಗ ಅವರು ನನ್ನ ಮುಖ ನೋಡಿದರು, ಸ್ವೆಟರ್ ನೋಡಿದರು, ಗುಳ್ಳೆ ನೋಡಿದರು. ಏನೂ ಕೇಳದೆ ರೈಟರ ಕೈಯಿಂದ ಹಗ್ಗ ತೆಗೆದುಕೊಂಡು ಮೇಲೆ ಮೇಲೆ ಎಳೆದರು.

ನೀರಿನಿಂದ ಎದ್ದ ಸ್ಟುಡಿಯೋದವರು ಕನ್ನಡಕ ಸರಿಸಿ ದಡ ನೋಡಿದರು. ಯಾರನ್ನು ತಳದಲ್ಲಿ ತಡಕುತ್ತಿದ್ದರೋ ಅವರೇ ಹಗ್ಗ ಹಿಡಿದು ನಿಂತಿದ್ದರು. ಸೊಂಟದ ಮಟ್ಟದ ನೀರಲ್ಲಿ ಹಾಗೇ ನಿಂತು, ಯಾರಿಗೂ ಜೋರಾಗಿ ಮಾತಾಡದ ಆ ಮನುಷ್ಯ ನಮ್ಮವರಿಗೆ ಬೈದರು.

“ಉಣ್ಣೆ ಸ್ವೆಟರ್ ಯಾರಾದ್ರೂ ಫುಟ್‌ವಾಲ್ವಿಗೆ ಕಟ್ತಾರಾ ಮಾರಾಯ್ರೇ? ನೀರು ಹೆಂಗೆ ಎಳೀಬೇಕು ಅದು?”

ಬೈದು, ದಡಕ್ಕೆ ಬಂದು, ಕೆಸರಲ್ಲೇ ಕೂತು ಮುಖ ಮುಚ್ಚಿಕೊಂಡು ಅತ್ತರು.

ಎಡಗಿವಿ ಅವತ್ತಿಗೆ ಹೋಯಿತು. ಆಮೇಲೆ ನಾನು ಯಾವಾಗಲೂ ಅವರ ಬಲಕ್ಕೇ ನಿಂತು ಮಾತಾಡುತ್ತಿದ್ದೆ. ನಮ್ಮ ಮನೆಯವರು ಕಾಫಿ ಕೊಯ್ಲು ಮುಗಿದಾಗಲೆಲ್ಲ ಮೊದಲ ಪುಡಿಯನ್ನು ಅವರ ಮನೆಗೆ ಕೊಟ್ಟು ಬರುತ್ತಿದ್ದರು. ಕಿವಿಯ ಸಾಲ ತೀರಿಸುವ ಹಾಗೆ ಕೊಡಬೇಡಿ, ಆ ಕಿವಿಗೆ ನಿಮ್ಮ ಮಾತು ಕೇಳುವುದೂ ಇಲ್ಲ ಎಂದು ಅವರು ಚೇಷ್ಟೆ ಮಾಡುತ್ತಿದ್ದರು.

ಒಂದು ದಿನ, ವ್ಯಾಪಾರ ಇಲ್ಲದ ಮಧ್ಯಾಹ್ನ, ಅವರಾಗಿಯೇ ಆ ದಿನದ ಮಾತು ತೆಗೆದರು. ಕೆಂಪು ಕಂಡ ಕೂಡಲೇ ದೀಪ ಆರಿಸಿಬಿಡೋಣ ಅನ್ನಿಸಿತ್ತಂತೆ. ಮೇಲೆ ನಾನು ನೋಡುತ್ತಿದ್ದೇನೆಂದು ಗೊತ್ತಿತ್ತು, ಬೆರಳು ಗುಂಡಿಯ ಮೇಲೆ ಹೋಗಿತ್ತು. ಮತ್ತೆ ಯಾಕೆ ಆರಿಸಲಿಲ್ಲ ಎಂದು ಕೇಳಿದೆ.

“ಆರಿಸಿದ್ರೆ ನೀವು ಇನ್ನೊಂದು ಗಳಿಗೆ ಆಸೆ ಇಟ್ಕೊಂಡಿರ್ತಿದ್ರಿ. ಬಾಳೂರಿನೋರಿಗೂ ನಾನು ಆ ಸುಳ್ಳು ಆಸೆನೇ ಕೊಟ್ಟಿದ್ದು. ಹೆದ್ರಿಕೆ ಆಯ್ತು ಅಕ್ಕಾ, ನೀರಿಗಲ್ಲ, ಅದಕ್ಕೆ.”

ಹೊರಗೆ ಕಳಸದ ಬಸ್ಸು ಹೋಗುವ ಸದ್ದಿಗೆ ಅವರು ಬಲಗಿವಿ ತಿರುಗಿಸಿ, ಎದ್ದು ತಮ್ಮ ಅಂಗಡಿಗೆ ಹೋದರು.

ಅವರು ತೀರಿಕೊಂಡ ಮೇಲೆ ಅವರ ಮನೆಯವರು ಬಣ್ಣದ ಪಟ್ಟಿಯನ್ನು ತಂದುಕೊಟ್ಟರು, ಅದು ನಿಮ್ಮದೇ ಅಲ್ಲವೇ ಎಂದು. ಕ್ಯಾಮೆರಾ, ದೀಪಗಳನ್ನು ಏನು ಮಾಡಬೇಕೆಂದು ಅವರಿಗೂ ತಿಳಿದಿಲ್ಲ. ಹಾಕಿಕೊಂಡು ಇಳಿಯುವವರು ಈ ಊರಲ್ಲಿ ಇನ್ನು ಯಾರಿದ್ದಾರೆ?

ಹೋದ ವಾರ ನಮ್ಮ ಮನೆಯವರು ಫುಟ್‌ವಾಲ್ವಿಗೆ ಎಲೆ ಸಿಕ್ಕಿದೆ ಎಂದು ಹೊರಟರು. ಇಳಿಯಬೇಡಿ ಎಂದೆ. ಕೆಂಪು ಸ್ವೆಟರ್ ಹಾಕಿದ್ದೇನಲ್ಲ ಎಂದರು. ಇಷ್ಟು ವರ್ಷ ಆ ಮಾತು ಕೇಳಿದರೆ ನನಗೆ ಧೈರ್ಯ ಬರುತ್ತಿತ್ತು.

“ಹಾಕ್ಕೊಂಡು ಎಂತ ಮಾಡೋದು? ಅದನ್ನ ನೋಡೋರು ಹೋದ್ರಲ್ಲ.”

ಅವರು ಚಪ್ಪಲಿಯಲ್ಲಿ ಅರ್ಧ ಕಾಲಿಟ್ಟು ನಿಂತರು. ಆಮೇಲೆ ಅಟ್ಟದಿಂದ ಹಗ್ಗ ಇಳಿಸಿ, ಹಾಗಾದರೆ ನೀನೂ ಬಾ ಎಂದರು.

ಹೋದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಕೆರೆಯ ಅಂಚಿನ ಕೆಸರಿನಲ್ಲಿ ನಿಂತೆ. ಅವರ ಸೊಂಟಕ್ಕೆ ನಾನೇ ಹಗ್ಗ ಕಟ್ಟಿದೆ, ತುದಿಯನ್ನು ನನ್ನ ಕೈಗೆ ಎರಡು ಸುತ್ತು ಸುತ್ತಿಕೊಂಡೆ. ಅವರು ಎದೆಮಟ್ಟ ನೀರಿಗೆ ಹೋಗಿ ಪೈಪಿನ ಕಡೆ ಬಗ್ಗಿದರು. ಹಿಂದಿನಿಂದ ಸುಶೀಲ ಬಂದು, ಅಮ್ಮಾ, ನೀವ್ಯಾಕೆ ನೀರ ಹತ್ರ ಎಂದು ಕೇಳಿದಳು. ಮತ್ತೆ ಕೇಳಿದಳು. ನಾನು ತಿರುಗಲಿಲ್ಲ. ನನ್ನ ಸೆರಗಿನೊಳಗೆ ಫೋನ್ ಉಲಿಯದೆ ಸುಮ್ಮನಿತ್ತು, ಬರುವಾಗಲೇ ಆರಿಸಿದ್ದೆ. ಅವರ ತಲೆ ನೀರೊಳಗೆ ಹೋಯಿತು, ಕೆಂಪು ಬೆನ್ನು ಒಂದಿಷ್ಟು ಕಂಡಿತು, ಅದೂ ಮಸುಕಾಯಿತು.

ಹಗ್ಗ ಒಂದು ಸಲ ಎಳೆಯಿತು. ನಾನೂ ಒಂದು ಸಲ ಎಳೆದೆ.